ಮನೆಯ ಯುಪಿಎಸ್ ಆನ್ ಆಗುತ್ತಿಲ್ಲ: ಹೊಸದು ಕೊಳ್ಳುವ ಮೊದಲು ನಿಮ್ಮ ಸಲಹೆ ಬೇಕು

ಮಾವಿನತೋಪು, ಶ್ರೀನಿವಾಸಪುರ · ಸೋಮವಾರ, ಬೆಳಿಗ್ಗೆ 9.20

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಮನೆ. ನಾಲ್ಕೂವರೆ ವರ್ಷದ ಹಿಂದೆ 900 ವಿಎ ಸೈನ್‌ವೇವ್ ಯುಪಿಎಸ್ ಮತ್ತು ಅದಕ್ಕೆ 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಹಾಕಿಸಿದ್ದೆವು. ಇಷ್ಟು ದಿನ ಅದರ ಕಡೆ ತಿರುಗಿ ನೋಡುವ ಪ್ರಮೇಯವೇ ಬಂದಿರಲಿಲ್ಲ. ಶನಿವಾರ ರಾತ್ರಿ ಹತ್ತೂಕಾಲಕ್ಕೆ ಕರೆಂಟು ಹೋಯಿತು. ಎರಡು ಫ್ಯಾನು, ಎರಡು ಎಲ್‌ಇಡಿ ದೀಪಗಳು ಯುಪಿಎಸ್ ಮೇಲೆ ನಡೆಯುತ್ತಿದ್ದವು. ರಾತ್ರಿ ಒಂದೂಮುಕ್ಕಾಲರ ಸುಮಾರಿಗೆ ಎಲ್ಲವೂ ನಿಂತುಹೋದವು. ಬೆಳಿಗ್ಗೆ ಕರೆಂಟು ಬಂದ ಮೇಲೂ ಯುಪಿಎಸ್ ಪೆಟ್ಟಿಗೆಗೆ ಜೀವ ಬರಲಿಲ್ಲ. ಮುಂದಿನ ಗುಂಡಿಯನ್ನು ಎಷ್ಟು ಹೊತ್ತು ಒತ್ತಿ ಹಿಡಿದರೂ ಒಂದು ದೀಪವೂ ಹತ್ತುವುದಿಲ್ಲ, ಯಾವ ಶಬ್ದವೂ ಇಲ್ಲ. ಹಿಂಬದಿಯ ಬೈಪಾಸ್ ಸ್ವಿಚ್ಚನ್ನು ತಿರುಗಿಸಿದ್ದರಿಂದ ಸದ್ಯಕ್ಕೆ ಮನೆಯ ಲೈನು ನೇರ ಕರೆಂಟಿನಲ್ಲಿ ನಡೆಯುತ್ತಿದೆ.

ಅಂಗಡಿಯೊಂದಕ್ಕೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ಬಂದು ನೋಡದೆಯೇ ಪೆಟ್ಟಿಗೆ, ಬ್ಯಾಟರಿ ಎರಡೂ ಹೋಗಿವೆ, ಎರಡನ್ನೂ ಬದಲಿಸಬೇಕು ಎಂದರು. ಅಷ್ಟು ಹಣವನ್ನು ಈ ತಿಂಗಳು ಹೊಂದಿಸುವುದು ನಮಗೆ ಕಷ್ಟ. ಹಾಗೆಂದು ತಿಂಗಳುಗಟ್ಟಲೆ ಕಾಯುವಂತೆಯೂ ಇಲ್ಲ. ಸುತ್ತಲ ತೋಪುಗಳಲ್ಲಿ ಮಾವು ಹೂ ಬಿಟ್ಟಿರುವ ಕಾಲವಿದು, ನಮ್ಮ ಅಮ್ಮನಿಗೆ ಈ ಎರಡು ತಿಂಗಳು ಉಬ್ಬಸ ಹೆಚ್ಚು. ರಾತ್ರಿಯಲ್ಲಿ ನೆಬ್ಯುಲೈಸರ್ ಬೇಕಾದಾಗ ಕರೆಂಟು ಇಲ್ಲದಿದ್ದರೆ ನಮಗೆ ಬೇರೆ ದಾರಿಯಿಲ್ಲ. ಮನೆಯಲ್ಲಿಯೇ ಏನನ್ನು, ಯಾವ ಕ್ರಮದಲ್ಲಿ ಪರೀಕ್ಷಿಸಬಹುದು ಎಂದು ತಿಳಿದವರು ದಯವಿಟ್ಟು ಹೇಳಿಕೊಡಿ. ನನ್ನ ತಮ್ಮನ ಬಳಿ ಮಲ್ಟಿಮೀಟರ್ ಇದೆ.

ತುಮಕೂರು ವೈರಿಂಗ್ · ಸೋಮವಾರ, ಬೆಳಿಗ್ಗೆ 10.05

ಅಕ್ಕನವರೇ, ಆತುರಪಟ್ಟು ಯಾವುದನ್ನೂ ಕೊಳ್ಳಬೇಡಿ. ಇಪ್ಪತ್ತೆರಡು ವರ್ಷಗಳಿಂದ ತುಮಕೂರಿನಲ್ಲಿ ಇದೇ ಕೆಲಸ ಮಾಡಿಕೊಂಡಿದ್ದೇನೆ. ಸತ್ತಿದೆ ಎಂದು ನನ್ನ ಮುಂದಿಟ್ಟ ಪೆಟ್ಟಿಗೆಗಳಲ್ಲಿ ನಿಜವಾಗಿ ಒಳಗಿನ ಬೋರ್ಡು ಸುಟ್ಟಿದ್ದವು ಕಡಿಮೆಯೇ. ಈ ಪೆಟ್ಟಿಗೆಗಳಲ್ಲಿ ಬಹುಪಾಲು ತಮ್ಮ ಒಳಗಿನ ಬೋರ್ಡು ನಡೆಸಲು ಬೇಕಾದ ಕರೆಂಟನ್ನು ಬ್ಯಾಟರಿಯಿಂದಲೇ ತೆಗೆದುಕೊಳ್ಳುತ್ತವೆ. ಬ್ಯಾಟರಿ ಅದರ ಕಣ್ಣಿಗೆ ಬೀಳದಿದ್ದರೆ ಗೋಡೆಯ ಸಾಕೆಟ್ಟಿನಲ್ಲಿ ಕರೆಂಟಿದ್ದರೂ ಅದು ಏಳುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬಂತೆ, ಬ್ಯಾಟರಿಯ ಕಡೆಯ ದೋಷಕ್ಕೆ ಪೆಟ್ಟಿಗೆಯನ್ನು ಬದಲಿಸಿದ ಮನೆಗಳನ್ನು ಕಂಡಿದ್ದೇನೆ.

ಮೀಟರ್ ಹಿಡಿಯುವ ಮೊದಲು ನನಗೆ ಕೆಲವು ವಿಷಯ ತಿಳಿಯಬೇಕು. ಒಂದೂಮುಕ್ಕಾಲಕ್ಕೆ ನಿಲ್ಲುವ ಮೊದಲು ಪೆಟ್ಟಿಗೆ ಕೀ ಕೀ ಎಂದು ಕೂಗಿಕೊಂಡಿತೇ, ಅಥವಾ ಸದ್ದಿಲ್ಲದೆ ನಿಂತಿತೇ? ನಿಂತ ಗಳಿಗೆಯಲ್ಲಿ ಮನೆಯಲ್ಲಿ ಯಾರಾದರೂ ಹೊಸದಾಗಿ ಏನನ್ನಾದರೂ ಹಾಕಿದರೇ? ಸುಟ್ಟ ವಾಸನೆ ಬಂದಿತ್ತೇ? ಬ್ಯಾಟರಿ ಖಾಲಿಯಾಗಿ ನಿಲ್ಲುವ ಯುಪಿಎಸ್ ಸಾಮಾನ್ಯವಾಗಿ ಕೆಲವು ನಿಮಿಷ ಮೊದಲೇ ಎಚ್ಚರಿಕೆಯ ಸದ್ದು ಮಾಡುತ್ತದೆ. ಸದ್ದೇ ಇಲ್ಲದೆ ಥಟ್ಟನೆ ನಿಂತದ್ದು ಎಂದರೆ ದಾರಿಯಲ್ಲಿ ಎಲ್ಲೋ ಕಡಿದಿದೆ ಎಂದು ಅನುಮಾನಿಸಬೇಕು.

ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4ರಷ್ಟು ಸೇರಿದರೂ ಕಿಡಿ ತಗುಲಿದರೆ ಸಿಡಿಯುತ್ತದೆ. ಬ್ಯಾಟರಿ ಇರುವ ಮೂಲೆಯ ಪಕ್ಕದಲ್ಲಿ ದೇವರ ದೀಪ, ಊದುಬತ್ತಿ ಇದ್ದರೆ ಮೊದಲು ಅವನ್ನು ದೂರ ಇಡಿ, ಕಿಟಕಿ ತೆಗೆಯಿರಿ. ಕೆಲಸ ಮಾಡುವವರು ಉಂಗುರ, ಬಳೆ, ಕೈಗಡಿಯಾರ ತೆಗೆದಿಡಬೇಕು.

ಗೌರಿಬಿದನೂರು ಟ್ರ್ಯಾಕ್ಟರ್ · ಸೋಮವಾರ, ಬೆಳಿಗ್ಗೆ 10.40

ನಮ್ಮ ಮನೆಯಲ್ಲಿ ಕಳೆದ ವರ್ಷ ಹೀಗೆಯೇ ಆಗಿತ್ತು. ಟ್ರ್ಯಾಕ್ಟರಿನ ಬ್ಯಾಟರಿಯನ್ನು ತಂದು ಯುಪಿಎಸ್ ಬ್ಯಾಟರಿಯ ಜೊತೆಗೆ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಸೇರಿಸಿ ಹಿಡಿದೆವು. ತಕ್ಷಣ ಪೆಟ್ಟಿಗೆ ಎದ್ದಿತು. ಹತ್ತು ನಿಮಿಷದ ನಂತರ ಟ್ರ್ಯಾಕ್ಟರ್ ಬ್ಯಾಟರಿ ತೆಗೆದರೂ ಅದು ಚಾರ್ಜ್ ಮಾಡಿಕೊಳ್ಳುತ್ತಲೇ ಇತ್ತು. ಅಕ್ಕನವರು ಇದನ್ನು ಒಮ್ಮೆ ಮಾಡಿ ನೋಡಬಹುದು.

ತುಮಕೂರು ವೈರಿಂಗ್ · ಸೋಮವಾರ, ಬೆಳಿಗ್ಗೆ 11.15

ಅಣ್ಣಾ, ನಿಮಗೆ ಅದು ಫಲಿಸಿದ್ದಕ್ಕೆ ಕಾರಣವಿದೆ. ನಿಮ್ಮ ಬ್ಯಾಟರಿ ಪೂರ್ತಿ ಇಳಿದುಹೋಗಿ, ಪೆಟ್ಟಿಗೆ ಅದನ್ನು ಬ್ಯಾಟರಿಯೆಂದೇ ಗುರುತಿಸದ ಮಟ್ಟಕ್ಕೆ ಬಂದಿತ್ತು. ಎರಡನೆಯ ಬ್ಯಾಟರಿ ಸೇರಿದಾಗ ಗುರುತಿಸಿತು. ಆದರೆ ಇದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ತುಂಬಿದ ಬ್ಯಾಟರಿಯಿಂದ ಖಾಲಿ ಬ್ಯಾಟರಿಗೆ ತಡೆಯಿಲ್ಲದೆ ಭಾರಿ ಕರೆಂಟು ನುಗ್ಗುತ್ತದೆ, ಅನಿಲ ತುಂಬಿದ ಜಾಗದಲ್ಲಿ ಕ್ಲಿಪ್ಪು ಹಚ್ಚುವಾಗ ಕಿಡಿ ಹಾರುತ್ತದೆ, ಗಾಬರಿಯಲ್ಲಿ ಒಮ್ಮೆ ಪಾಸಿಟಿವ್, ನೆಗೆಟಿವ್ ಅದಲುಬದಲಾದರೆ ಫ್ಯೂಸಿನ ಜೊತೆಗೆ ಒಳಗೆ ಕರೆಂಟು ಹರಿಸುವ ಮಾಸ್‌ಫೆಟ್ ಎಂಬ ಬಿಡಿಭಾಗಗಳೂ ಹೋಗಬಹುದು. ಆಗ ಸುಮ್ಮನಿದ್ದ ಪೆಟ್ಟಿಗೆಯನ್ನು ನಾವೇ ಕೊಂದಂತಾಗುತ್ತದೆ. ಬ್ಯಾಟರಿ ಅಷ್ಟು ಇಳಿದಿದ್ದರೆ ಬ್ಯಾಟರಿ ಅಂಗಡಿಯಲ್ಲಿ 10ರಿಂದ 15 ಆಂಪಿಯರಿನಲ್ಲಿ ನಿಧಾನವಾಗಿ ಚಾರ್ಜ್ ಮಾಡಿಸುವುದೇ ಸರಿ. ಅದಕ್ಕೂ ಮೊದಲು, ಅದು ನಿಜವಾಗಿ ಇಳಿದಿದೆಯೇ ಎಂದು ಅಳೆಯಬೇಕಲ್ಲವೇ?

ಮಾವಿನತೋಪು, ಶ್ರೀನಿವಾಸಪುರ · ಸೋಮವಾರ, ಮಧ್ಯಾಹ್ನ 1.30

ನಿಮ್ಮ ಪ್ರಶ್ನೆಗಳನ್ನು ಅಮ್ಮನ ಮುಂದಿಟ್ಟೆ, ಏಕೆಂದರೆ ಆ ಹೊತ್ತಿನಲ್ಲಿ ಎಚ್ಚರವಿದ್ದವರು ಅವರೊಬ್ಬರೇ. ಯಾವ ಕೂಗೂ ಕೇಳಲಿಲ್ಲ ಎಂದು ಖಚಿತವಾಗಿ ಹೇಳುತ್ತಾರೆ. ಉಸಿರು ಕಟ್ಟಿದಂತಾಗಿ ಎದ್ದು, ನೆಬ್ಯುಲೈಸರ್ ಸ್ವಿಚ್ ಹಾಕಿದರಂತೆ. ಅದು ಒಮ್ಮೆ ಗುರ್ ಎಂದಿತು, ಮರುಕ್ಷಣವೇ ದೀಪ ಆರಿ ಫ್ಯಾನು ನಿಧಾನವಾಗಿ ನಿಂತಿತು. ರಬ್ಬರು ಸುಟ್ಟಂಥ ವಾಸನೆ ಬಂದಿತ್ತು, ಹೊರಗೆ ಯಾರೋ ಏನನ್ನೋ ಸುಡುತ್ತಿದ್ದಾರೆ ಎಂದುಕೊಂಡರಂತೆ. ಇದನ್ನು ಅವರು ನಮಗೆ ಇಲ್ಲಿಯವರೆಗೆ ಹೇಳಿರಲೇ ಇಲ್ಲ. ಮಾತ್ರೆಯಲ್ಲಿಯೇ ಆ ರಾತ್ರಿ ಕಳೆದಿದ್ದಾರೆ.

ನನ್ನ ತಮ್ಮ, ಬ್ಯಾಟರಿಯಲ್ಲಿ ಕೇಬಲ್ಲು ಕೂರುವ ಎರಡು ಸೀಸದ ಕಂಬಗಳ ಮೇಲೆ ಮೀಟರಿನ ಮುಳ್ಳುಗಳನ್ನಿಟ್ಟು ನೋಡಿದ. 11.94 ವೋಲ್ಟ್ ಇದೆ.

ತಿಪಟೂರು ಮೇಷ್ಟ್ರು · ಸೋಮವಾರ, ಮಧ್ಯಾಹ್ನ 2.10

ಭೌತಶಾಸ್ತ್ರ ಪಾಠ ಮಾಡುತ್ತಿದ್ದವನು, ಈಗ ನಿವೃತ್ತ. 11.94 ಎಂಬ ಅಂಕಿಯ ಬಗ್ಗೆ ಎರಡು ಮಾತು ಬರೆಯುತ್ತೇನೆ.

ಸೀಸ-ಆಮ್ಲದ ಬ್ಯಾಟರಿಯಲ್ಲಿ ಆರು ಕೋಶಗಳು. ವಿಶ್ರಾಂತಿಯಲ್ಲಿರುವ ಒಂದೊಂದು ಕೋಶದ ವೋಲ್ಟೇಜು ಹೆಚ್ಚುಕಡಿಮೆ ಅದರೊಳಗಿನ ಆಮ್ಲದ ಸಾಪೇಕ್ಷ ಸಾಂದ್ರತೆಗೆ, ಅಂದರೆ ಅಂಗಡಿಯವರು ಗ್ರಾವಿಟಿ ಎನ್ನುವುದಕ್ಕೆ, 0.84 ಸೇರಿಸಿದಷ್ಟು ಇರುತ್ತದೆ. 11.94ನ್ನು ಆರರಿಂದ ಭಾಗಿಸಿದರೆ 1.99, ಅದರಲ್ಲಿ 0.84 ಕಳೆದರೆ 1.150. ತುಂಬಿದ ಟ್ಯೂಬುಲರ್ ಬ್ಯಾಟರಿಯ ಗ್ರಾವಿಟಿ 1.240ರ ಸುಮಾರಿಗೆ ಇರಬೇಕು. ಹಾಗಾಗಿ ನಿಮ್ಮ ಬ್ಯಾಟರಿ ಚೆನ್ನಾಗಿಯೇ ಇಳಿದಿದೆ. ಆದರೆ ಸತ್ತಿಲ್ಲ. ಬಹುತೇಕ ಪೆಟ್ಟಿಗೆಗಳು ಕೆಲಸ ಮಾಡುವಾಗ 10.5 ವೋಲ್ಟಿನ ಆಸುಪಾಸಿನವರೆಗೆ ಬ್ಯಾಟರಿಯನ್ನು ಬಳಸುತ್ತವೆ. 11.94 ಇರುವಾಗ ಮುಂದಿನ ದೀಪವಾದರೂ ಹತ್ತಲೇಬೇಕಿತ್ತು.

ನನಗೆ ಅಮ್ಮನವರ ಮಾತು ಬಹಳ ಮುಖ್ಯವೆನಿಸುತ್ತಿದೆ. ಎರಡು ಫ್ಯಾನು, ಎರಡು ದೀಪಕ್ಕೆ ಬ್ಯಾಟರಿಯಿಂದ ಸುಮಾರು 18 ಆಂಪಿಯರ್ ಹರಿಯುತ್ತಿರುತ್ತದೆ. 130 ವ್ಯಾಟಿನ ನೆಬ್ಯುಲೈಸರ್ ಸೇರಿದರೆ ಅದು 30 ದಾಟುತ್ತದೆ, ಮೋಟರು ಎದ್ದೇಳುವ ಕ್ಷಣದಲ್ಲಿ ಇನ್ನೂ ಹೆಚ್ಚು. ಗೋಡೆಯ ಕಡೆ 230 ವೋಲ್ಟಿನಲ್ಲಿ ಇದೇ ಹೊರೆಗೆ ಒಂದೂವರೆ ಆಂಪಿಯರ್ ಸಾಕು. 12 ವೋಲ್ಟಿನ ಕಡೆ ಇಷ್ಟೊಂದು ಕರೆಂಟು ಹರಿಯುವುದರಿಂದಲೇ ಬ್ಯಾಟರಿಗೆ ಕೇಬಲ್ಲು ಸೇರುವ ಕೀಲುಗಳು ಅಷ್ಟು ಶುದ್ಧವಾಗಿರಬೇಕಾಗುತ್ತದೆ. ಒಂದು ಕೀಲಿನಲ್ಲಿ 0.05 ಓಮ್ ತಡೆ ಇದೆಯೆಂದುಕೊಳ್ಳಿ. 40 ಆಂಪಿಯರ್ ಹರಿದಾಗ ಅಲ್ಲಿಯೇ 2 ವೋಲ್ಟ್ ನಷ್ಟ, ಜೊತೆಗೆ 80 ವ್ಯಾಟಿನ ಶಾಖ. ಬೆಸುಗೆ ಹಾಕುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು ಎಂಬುದನ್ನು ನೆನೆದರೆ ಆ ಕೀಲಿನ ಗತಿ ಏನಾಗಿರಬಹುದೆಂದು ಊಹಿಸಬಹುದು. ರಬ್ಬರಿನ ವಾಸನೆ ಹೊರಗಿನಿಂದ ಬಂದಿರಲಾರದು.

ಕಂಬಗಳ ಮೇಲೆ ಮಾತ್ರ ಅಳೆದರೆ ಇದು ತಿಳಿಯುವುದಿಲ್ಲ. ತೊಟ್ಟಿಯಲ್ಲಿ ನೀರಿದೆ ಎಂದು ಇಣುಕಿ ನೋಡಿ, ಕೊಳಾಯಿ ಕಟ್ಟಿಕೊಂಡಿರುವುದನ್ನು ಬಿಟ್ಟಂತಾಗುತ್ತದೆ.

ತುಮಕೂರು ವೈರಿಂಗ್ · ಸೋಮವಾರ, ಮಧ್ಯಾಹ್ನ 2.45

ಮೇಷ್ಟ್ರು ಹೇಳಿದ್ದಕ್ಕೆ ನಾನು ಅಳೆಯುವ ವಿಧಾನ ಸೇರಿಸುತ್ತೇನೆ. ಮೀಟರನ್ನು ಡಿಸಿ 20 ವೋಲ್ಟಿನಲ್ಲಿಡಿ. ಕೆಂಪು ಮುಳ್ಳಿನ ತುದಿಯ ವೈರು ಮೀಟರಿನ ಆಂಪಿಯರ್ ತೂತಿನಲ್ಲಿಲ್ಲ, ವೋಲ್ಟಿನ ತೂತಿನಲ್ಲಿಯೇ ಇದೆ ಎಂದು ಎರಡು ಸಲ ನೋಡಿಕೊಳ್ಳಿ. ಒಂದು ಮುಳ್ಳನ್ನು ಪಾಸಿಟಿವ್ ಕಂಬದ ಸೀಸದ ಮೇಲೆಯೇ ಒತ್ತಿ ಹಿಡಿಯಿರಿ. ಇನ್ನೊಂದನ್ನು ಅದೇ ಪಾಸಿಟಿವ್ ಕೇಬಲ್ಲಿನ ತಾಮ್ರದ ಎಳೆಗೆ ಮುಟ್ಟಿಸಬೇಕು. ಎಳೆ ಹೊರಗೆ ಕಾಣದಿದ್ದರೆ ಲಗ್ಗಿನಿಂದ, ಅಂದರೆ ಕಂಬಕ್ಕೆ ಬಿಗಿಯಲು ಕೇಬಲ್ಲಿನ ತುದಿಗೆ ಹಾಕಿರುವ ಲೋಹದ ತುಂಡಿನಿಂದ, ನಾಲ್ಕು ಬೆರಳು ಈಚೆಗೆ ಗುಂಡುಸೂಜಿಯೊಂದನ್ನು ರಬ್ಬರಿನೊಳಗೆ ತೂರಿಸಿ, ಸೂಜಿಯ ತಲೆಗೆ ಮುಟ್ಟಿಸಿ. ಆಮೇಲೆ ನೀವು ಪೆಟ್ಟಿಗೆಯ ಮುಂದಿನ ಗುಂಡಿಯನ್ನು ಒತ್ತಿ. ಕೀಲು ಸರಿಯಿದ್ದರೆ ಮೀಟರ್ ಸೊನ್ನೆಯ ಹತ್ತಿರವೇ ಇರುತ್ತದೆ, ಏಕೆಂದರೆ ಎರಡು ಮುಳ್ಳುಗಳ ನಡುವೆ ಇರುವುದು ಒಂದೇ ಲೋಹದ ದಾರಿ. ಅಲ್ಲಿ ವೋಲ್ಟ್ ಕಂಡರೆ ದಾರಿ ಕಡಿದಿರುವುದು ಅಲ್ಲಿಯೇ. ನೆಗೆಟಿವ್ ಕಡೆಯೂ ಹೀಗೆಯೇ ಮಾಡಿ.

ಇದರ ಜೊತೆಗೆ ಪೆಟ್ಟಿಗೆಯ ಹಿಂದೆ ಕಪ್ಪು ಬಣ್ಣದ ರೀಸೆಟ್ ಗುಂಡಿ ಎದ್ದು ನಿಂತಿದೆಯೇ ನೋಡಿ, ಎದ್ದಿದ್ದರೆ ಒತ್ತಿ. ಬ್ಯಾಟರಿ ಲೈನಿನಲ್ಲಿ ಫ್ಯೂಸಿದ್ದರೆ ಅದನ್ನೂ ಪರೀಕ್ಷಿಸಿ. ಹೋಗಿದ್ದರೆ ಅದೇ ಆಂಪಿಯರಿನ ಫ್ಯೂಸನ್ನೇ ಹಾಕಬೇಕು, ತಾಮ್ರದ ಎಳೆ ಸುತ್ತಿ ಕೆಲಸ ಸಾಗಿಸಬಾರದು.

ಮಾವಿನತೋಪು, ಶ್ರೀನಿವಾಸಪುರ · ಸೋಮವಾರ, ಸಂಜೆ 4.50

ರೀಸೆಟ್ ಗುಂಡಿ ಒಳಗೇ ಇದೆ. ನೆಗೆಟಿವ್ ಕಡೆ ಮೀಟರ್ 0.00 ತೋರಿಸಿತು. ಪಾಸಿಟಿವ್ ಕಡೆ ನಾನು ಗುಂಡಿ ಒತ್ತಿದಾಗ 11.3 ಬಂತು. ಮೂರು ಸಲ ನೋಡಿದೆವು, ಮೂರು ಸಲವೂ ಹೆಚ್ಚುಕಡಿಮೆ ಅಷ್ಟೇ.

ತಿಪಟೂರು ಮೇಷ್ಟ್ರು · ಸೋಮವಾರ, ಸಂಜೆ 5.05

ಹಾಗಿದ್ದರೆ ಬ್ಯಾಟರಿಯ ವೋಲ್ಟೇಜಿನಲ್ಲಿ ಹೆಚ್ಚುಪಾಲು ಆ ನಾಲ್ಕು ಬೆರಳಿನ ಅಂತರದಲ್ಲಿಯೇ ಮುಗಿದುಹೋಗುತ್ತಿದೆ, ಪೆಟ್ಟಿಗೆಗೆ ಒಂದು ವೋಲ್ಟು ಕೂಡ ಸರಿಯಾಗಿ ತಲುಪುತ್ತಿಲ್ಲ. ದೋಷದ ಜಾಗ ಸಿಕ್ಕಿತು.

ತುಮಕೂರು ವೈರಿಂಗ್ · ಸೋಮವಾರ, ಸಂಜೆ 5.20

ಈಗ ಬಿಚ್ಚಬಹುದು. ಮೊದಲು ಗೋಡೆಯ ಪ್ಲಗ್ ತೆಗೆಯಿರಿ, ಪೆಟ್ಟಿಗೆಯ ಸ್ವಿಚ್ ಆರಿಸಿ. ಪ್ಲಗ್ ತೆಗೆದಾಗ ಯುಪಿಎಸ್ ಲೈನಿನ ಫ್ಯಾನು, ದೀಪ ಅಷ್ಟು ಹೊತ್ತು ಇರುವುದಿಲ್ಲ, ಆದ್ದರಿಂದ ಬೆಳಕಿರುವಾಗಲೇ ಈ ಕೆಲಸ ಮಾಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಶನ್ ಟೇಪು ಸುತ್ತಿಕೊಂಡರೆ ಕೈತಪ್ಪಿ ಎರಡು ಕಂಬಗಳಿಗೂ ತಾಗಿದರೂ ಅನಾಹುತವಾಗದು. ನೆಗೆಟಿವ್ ಲಗ್ಗನ್ನು ಮೊದಲು ಬಿಚ್ಚಿ, ಪಾಸಿಟಿವ್ ಅನ್ನು ಆಮೇಲೆ. ಮರಳಿ ಹಾಕುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಕೊನೆಯ ಲಗ್ ಮುಟ್ಟಿಸುವಾಗ ಸಣ್ಣ ಕಿಡಿಯೊಂದು ಚಟ್ ಎನ್ನುವುದು ಸಹಜ, ಒಳಗಿನ ಕೆಪಾಸಿಟರ್ ತುಂಬಿಕೊಳ್ಳುವಾಗ ಹಾಗಾಗುತ್ತದೆ.

ಕಂಬದ ಮೇಲಿನ ಬಿಳಿ, ಹಸಿರು ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಕೋಶಗಳ ಮುಚ್ಚಳ ಭದ್ರವಾಗಿರಲಿ, ಸೋಡಾ ನೀರಿನ ಒಂದು ಹನಿಯೂ ಒಳಗೆ ಹೋಗಬಾರದು. ಕೈಗೆ ಆಮ್ಲ ತಾಗಿದರೆ ಧಾರಾಳವಾಗಿ ನೀರು ಬಿಡಿ. ಕಣ್ಣಿಗೆ ಸಿಡಿದರೆ ಕಾಲು ಗಂಟೆ ಬಿಡದೆ ತೊಳೆದು ವೈದ್ಯರ ಬಳಿಗೆ ಹೋಗಿ.

ಮಾವಿನತೋಪು, ಶ್ರೀನಿವಾಸಪುರ · ಮಂಗಳವಾರ, ಮಧ್ಯಾಹ್ನ 12.15

ಬೆಳಿಗ್ಗೆ ತಮ್ಮ ನೀವು ಹೇಳಿದ ಕ್ರಮದಲ್ಲಿಯೇ ಬಿಚ್ಚಿದ. ಹೊರಗಿನಿಂದ ನೋಡಿದರೆ ಲಗ್ಗಿನ ಮೇಲೆ ಸ್ವಲ್ಪ ಬಿಳಿಪುಡಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ನಟ್ಟು ಕೂಡ ಬಿಗಿಯಾಗಿತ್ತು. ಆದರೆ ಲಗ್ಗಿನ ಕುತ್ತಿಗೆಗೆ ಹಾಕಿದ್ದ ಕೆಂಪು ತೊಗಲನ್ನು ಬ್ಲೇಡಿನಿಂದ ಸೀಳಿದಾಗ ಒಳಗೆಲ್ಲ ಮೈಲುತುತ್ತದ ಬಣ್ಣದ ಪುಡಿ ತುಂಬಿಕೊಂಡಿತ್ತು. ಕೆಂಪು ರಬ್ಬರಿನ ಒಂದು ಮಗ್ಗುಲು ಕರಗಿ ಮತ್ತೆ ಗಟ್ಟಿಯಾಗಿ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ತಾಮ್ರದ ಎಳೆಗಳು ಕಪ್ಪಾಗಿದ್ದವು. ತಮ್ಮ ಹಗುರವಾಗಿ ಎಳೆದಾಗ ಒಣಗಿದ ರಾಗಿ ಹುಲ್ಲಿನಂತೆ ಮುರಿದು ಲಗ್ಗು ಕೈಗೇ ಬಂತು. ಇಡೀ ಕೇಬಲ್ಲು ಕೊನೆಗೆ ನಾಲ್ಕೈದು ಎಳೆಗಳ ಮೇಲೆ ನಿಂತಿದ್ದಿರಬೇಕು.

ನಾಲ್ಕು ಬೆರಳು ಕತ್ತರಿಸಿದರೂ ಒಳಗೆ ಕಪ್ಪಾಗಿಯೇ ಇತ್ತು. ಒಂದು ಗೇಣು ಕತ್ತರಿಸಿದ ಮೇಲೆ ಕೆಂಪಗೆ ಹೊಳೆಯುವ ತಾಮ್ರ ಕಂಡಿತು. ಅದೃಷ್ಟಕ್ಕೆ ಕೇಬಲ್ಲಿನ ಉದ್ದ ಸಾಲುತ್ತದೆ. ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸಬಹುದೇ?

ತುಮಕೂರು ವೈರಿಂಗ್ · ಮಂಗಳವಾರ, ಮಧ್ಯಾಹ್ನ 12.30

ಬೇಡ. ಬಡಿದು ಕೂರಿಸಿದ ಲಗ್ಗಿನೊಳಗೆ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಆಮ್ಲದ ಆವಿ ಸೇರಿಕೊಳ್ಳುತ್ತದೆ. ಬಹುಶಃ ಮೊದಲನೆಯದೂ ಹಾಗೆಯೇ ಕೆಟ್ಟಿದ್ದು. ನಿಮ್ಮೂರಿನಲ್ಲಿ ಬೋರ್‌ವೆಲ್ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿ ಇದ್ದೇ ಇರುತ್ತದೆ. ಅವರ ಬಳಿ ಲಗ್ ಒತ್ತುವ ಕ್ರಿಂಪಿಂಗ್ ಸಾಧನ ಇರುತ್ತದೆ. ಪೆಟ್ಟಿಗೆಯನ್ನೇ ಅಲ್ಲಿಗೆ ತೆಗೆದುಕೊಂಡು ಹೋಗಿ, ಕೇಬಲ್ಲಿನ ದಪ್ಪಕ್ಕೆ ಸರಿಯಾದ ತವರ ಲೇಪಿಸಿದ ತಾಮ್ರದ ಲಗ್ಗನ್ನು ಒತ್ತಿಸಿಕೊಂಡು ಬನ್ನಿ. ನೆಗೆಟಿವ್ ಲಗ್ಗಿಗೂ ಅದೇ ವಯಸ್ಸು, ಅದನ್ನೂ ಬದಲಿಸಿ. ಲಗ್ಗನ್ನು ಕಂಬಕ್ಕೆ ಬಿಗಿದ ನಂತರ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಬಿಗಿಯುವ ಮೊದಲೇ ಸವರಬೇಡಿ, ಲೋಹಕ್ಕೆ ಲೋಹ ನೇರವಾಗಿ ಕೂರಬೇಕು.

ಮಾವಿನತೋಪು, ಶ್ರೀನಿವಾಸಪುರ · ಮಂಗಳವಾರ, ರಾತ್ರಿ 8.05

ರಿವೈಂಡಿಂಗ್ ಅಂಗಡಿಯವರು ಎರಡು ಲಗ್ಗನ್ನೂ ಒತ್ತಿಕೊಟ್ಟರು, ನಾನೂರು ರೂಪಾಯಿಯೊಳಗೆ ಮುಗಿಯಿತು. ಮನೆಗೆ ತಂದು ಜೋಡಿಸಿ ಗುಂಡಿ ಒತ್ತಿದ ಕೂಡಲೇ ಹಸಿರು ದೀಪ ಹತ್ತಿತು. ಅಮ್ಮ ಅಡುಗೆಮನೆಯಿಂದ ಓಡಿ ಬಂದು ನೋಡಿದರು. ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ.

ಆದರೆ ಇನ್ನೊಂದು ತೊಂದರೆ ಕಾಣಿಸಿದೆ. ಸಂಜೆ ಆರೂವರೆಯಿಂದ ಪೆಟ್ಟಿಗೆಯೊಳಗೆ ಆಗಾಗ ಟಕ್ ಟಕ್ ಎನ್ನುತ್ತಿದೆ. ಮನೆಯಲ್ಲಿ ಕರೆಂಟು ಇದ್ದರೂ ಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆಯುತ್ತಿರುವಂತೆ ದೀಪ ತೋರಿಸುತ್ತಿದೆ. ಈ ಶಬ್ದವನ್ನು ಎಷ್ಟೋ ತಿಂಗಳಿಂದ ಕೇಳುತ್ತಿದ್ದೇವೆ, ಹಲ್ಲಿ ಲೊಚಗುಟ್ಟುತ್ತಿದೆ ಎಂದು ಅಮ್ಮ ನೆಲ ಮುಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಿದ್ದರು.

ಚಿಂತಾಮಣಿ ಹುಳುಮನೆ · ಮಂಗಳವಾರ, ರಾತ್ರಿ 8.40

ಮೇಡಂ, ಇಷ್ಟು ಹೊತ್ತು ಓದುತ್ತ ಸುಮ್ಮನಿದ್ದೆ. ಈ ಟಕ್ ಟಕ್ ಶಬ್ದ ನನಗೆ ಚೆನ್ನಾಗಿ ಗೊತ್ತು, ಅದು ಒಳಗಿನ ರಿಲೇ, ಅಂದರೆ ಹೊರೆಯನ್ನು ಕರೆಂಟಿನಿಂದ ಬ್ಯಾಟರಿಗೆ ಬದಲಿಸುವ ತಾನೇ ನಡೆಯುವ ಸ್ವಿಚ್ಚು, ಅತ್ತ ಇತ್ತ ಬೀಳುವ ಸದ್ದು. ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆಯಲ್ಲಿ ಇದರಿಂದಾಗಿಯೇ ಎರಡು ವರ್ಷಕ್ಕೆ ಒಂದು ಬ್ಯಾಟರಿ ಕಳೆದುಕೊಂಡಿದ್ದೇನೆ. ಮೀಟರನ್ನು ಎಸಿ 750ರಲ್ಲಿಟ್ಟು ಗೋಡೆಯ ಸಾಕೆಟ್ಟಿನಲ್ಲಿ ಈಗ ಎಷ್ಟು ವೋಲ್ಟ್ ಇದೆ ನೋಡಿ. ಮುಳ್ಳಿನ ಲೋಹದ ತುದಿಗೆ ಬೆರಳು ತಾಗದಿರಲಿ. ಆಮೇಲೆ ಪೆಟ್ಟಿಗೆಯ ಹಿಂದೆ ಅಥವಾ ಮುಂದೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಗುರುತಿನ ಸಣ್ಣ ಸ್ವಿಚ್ಚು ಯಾವ ಕಡೆ ಇದೆ ಎಂದು ತಿಳಿಸಿ.

ಮಾವಿನತೋಪು, ಶ್ರೀನಿವಾಸಪುರ · ಮಂಗಳವಾರ, ರಾತ್ರಿ 8.55

171 ವೋಲ್ಟ್. ಸ್ವಿಚ್ಚು ‘ಯುಪಿಎಸ್’ ಕಡೆ ಇದೆ.

ಚಿಂತಾಮಣಿ ಹುಳುಮನೆ · ಮಂಗಳವಾರ, ರಾತ್ರಿ 9.25

ನಾನು ಅಂದುಕೊಂಡದ್ದು ಇದನ್ನೇ. ಆ ಸ್ವಿಚ್ಚು ಯುಪಿಎಸ್ ಕಡೆ ಇದ್ದರೆ ಪೆಟ್ಟಿಗೆ ಸಾಮಾನ್ಯವಾಗಿ 180ರಿಂದ 260 ವೋಲ್ಟಿನವರೆಗಿನ ಕರೆಂಟನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಬಂದರೆ ಕರೆಂಟು ಹೋಗಿದೆ ಎಂದೇ ತಿಳಿದು ಬ್ಯಾಟರಿಗೆ ಹಾರುತ್ತದೆ. ನಾರ್ಮಲ್ ಕಡೆ ಇದ್ದರೆ ಸುಮಾರು 100ರಿಂದ 290ರವರೆಗೆ ಒಪ್ಪುತ್ತದೆ. ಸಂಜೆ ಎಲ್ಲರ ಮನೆಯ ದೀಪ, ಟಿವಿ ಒಟ್ಟಿಗೆ ಹತ್ತಿದಾಗ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜು ಇಳಿಯುವುದು ಸಹಜ. ನಿಮ್ಮ ಮನೆಯೂ ಟ್ರಾನ್ಸ್‌ಫಾರ್ಮರಿನಿಂದ ದೂರವಿರಬೇಕು. ಹಾಗಾಗಿ ಪ್ರತಿ ಸಂಜೆ ಮೂರು ಮೂರೂವರೆ ಗಂಟೆ, ಕರೆಂಟು ಇದ್ದರೂ ನಿಮ್ಮ ಮನೆಯ ಹೊರೆಯನ್ನು ಬ್ಯಾಟರಿಯೇ ಹೊತ್ತಿದೆ. ಶನಿವಾರ ಹತ್ತೂಕಾಲಕ್ಕೆ ನಿಜವಾಗಿ ಕರೆಂಟು ಹೋದಾಗ ಅದು ಆಗಲೇ ಅರ್ಧ ಖಾಲಿಯಾಗಿತ್ತು. 11.94ಕ್ಕೆ ಇಳಿದದ್ದು ಹೀಗೆ.

ಸ್ವಿಚ್ಚನ್ನು ನಾರ್ಮಲ್ ಕಡೆ ತಿರುಗಿಸಿ. ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವುದು ಸ್ವಲ್ಪ ನಿಧಾನವಾಗುತ್ತದೆ, ಆ ಅಂತರದಲ್ಲಿ ಕಂಪ್ಯೂಟರ್ ಇದ್ದರೆ ಮರಳಿ ಆರಂಭವಾಗಬಹುದು. ಫ್ಯಾನು, ದೀಪ, ನೆಬ್ಯುಲೈಸರಿಗೆ ಅದರಿಂದ ಬಾಧೆಯಿಲ್ಲ. ವೋಲ್ಟೇಜಿನ ವಿಷಯವನ್ನು ದಿನಾಂಕ, ಸಮಯ, ಅಳತೆ ಸಮೇತ ಬರೆದಿಟ್ಟುಕೊಂಡು ವಿದ್ಯುತ್ ಕಚೇರಿಯಲ್ಲಿ ಅರ್ಜಿ ಕೊಡಿ. ಬಾಯಿಮಾತಿಗಿಂತ ಒಂದು ವಾರದ ಅಳತೆಯ ಪಟ್ಟಿಗೆ ತೂಕ ಹೆಚ್ಚು.

ತುಮಕೂರು ವೈರಿಂಗ್ · ಮಂಗಳವಾರ, ರಾತ್ರಿ 9.40

ಒಪ್ಪುತ್ತೇನೆ. ನಾನು ಲಗ್ಗಿನ ಹಿಂದೆ ಬಿದ್ದು ಇದನ್ನು ಕೇಳುವುದನ್ನೇ ಮರೆತಿದ್ದೆ. ಪೇಟೆಯ ಮನೆಗಳಲ್ಲಿ ಈ ಸ್ವಿಚ್ಚು ಯುಪಿಎಸ್ ಕಡೆ ಇದ್ದರೆ ನಡೆಯುತ್ತದೆ. ಹಳ್ಳಿಯ ಲೈನಿನಲ್ಲಿ ಜೋಡಿಸುವವರು ವೋಲ್ಟೇಜ್ ಅಳೆದು ಇಡಬೇಕು.

ಕ್ಯಾತ್ಸಂದ್ರ ಓದುಗ · ಬುಧವಾರ, ಬೆಳಿಗ್ಗೆ 7.50

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮದು ಹೊಸ ಬಗೆಯ ಲಿಥಿಯಂ ಬ್ಯಾಟರಿ. ನಾಲ್ಕು ದಿನ ಊರಿನಲ್ಲಿರಲಿಲ್ಲ, ಬಂದು ನೋಡಿದರೆ ಯುಪಿಎಸ್ ಏಳುತ್ತಿಲ್ಲ, ಬ್ಯಾಟರಿಯ ತುದಿಗಳಲ್ಲಿ ಮೀಟರ್ ಸೊನ್ನೆ ತೋರಿಸುತ್ತಿದೆ. ಬ್ಯಾಟರಿ ಪೂರ್ತಿ ಹೋಯಿತೇ?

ತುಮಕೂರು ವೈರಿಂಗ್ · ಬುಧವಾರ, ಬೆಳಿಗ್ಗೆ 8.20

ಸೊನ್ನೆ ಕಂಡ ಮಾತ್ರಕ್ಕೆ ಹೋಗಿದೆ ಎನ್ನಲಾಗದು. ಲಿಥಿಯಂ ಬ್ಯಾಟರಿಯೊಳಗೆ ಬಿಎಂಎಸ್ ಎಂಬ ಕಾವಲು ಬೋರ್ಡು ಇರುತ್ತದೆ. ಕೋಶಗಳು ತೀರಾ ಇಳಿದರೆ ಅದು ಹೊರಗಿನ ತುದಿಗಳಿಗೆ ದಾರಿ ಮುಚ್ಚಿಬಿಡುತ್ತದೆ, ಆಗ ಒಳಗೆ ವೋಲ್ಟ್ ಇದ್ದರೂ ಹೊರಗೆ ಸೊನ್ನೆಯೇ ಕಾಣುತ್ತದೆ. ಹೊಂದುವ ಚಾರ್ಜರಿನಿಂದ ಚಾರ್ಜ್ ಕೊಟ್ಟರೆ ಮತ್ತೆ ತೆರೆದುಕೊಳ್ಳಬಹುದು. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಮಾರಾಟ ಮಾಡಿದವರಿಂದಲೇ ಎಬ್ಬಿಸಿಕೊಳ್ಳಿ. ನೀವು ಪ್ರತ್ಯೇಕ ಚರ್ಚೆ ಆರಂಭಿಸಿದರೆ ವಿವರವಾಗಿ ಬರೆಯುತ್ತೇನೆ, ಇಲ್ಲಿ ಅಕ್ಕನವರ ಬ್ಯಾಟರಿಯ ಕೆಲಸ ಇನ್ನೂ ಮುಗಿದಿಲ್ಲ.

ತಿಪಟೂರು ಮೇಷ್ಟ್ರು · ಬುಧವಾರ, ಬೆಳಿಗ್ಗೆ 9.00

ನಿಜ. ಇಷ್ಟು ಕಾಲ ಅರೆಹೊಟ್ಟೆಯಲ್ಲಿದ್ದ ಬ್ಯಾಟರಿಯ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಅದು ಕೆಲವು ಕೋಶಗಳಲ್ಲಿ ಹೆಚ್ಚು, ಕೆಲವುದರಲ್ಲಿ ಕಡಿಮೆ ಆಗಿರಬಹುದು. ಎರಡು ರಾತ್ರಿ ಪೂರ್ತಿ ಚಾರ್ಜ್ ಆಗಲಿ. 150 ಎಎಚ್ ಬ್ಯಾಟರಿಗೆ 15 ಆಂಪಿಯರಿನಲ್ಲಿಯೂ ಹತ್ತು ಹನ್ನೆರಡು ಗಂಟೆ ಬೇಕು. ಆಮೇಲೆ ಪ್ಲಗ್ ತೆಗೆದು, ಸ್ವಿಚ್ ಆರಿಸಿ, ಕೆಲವು ಗಂಟೆ ಸುಮ್ಮನೆ ಬಿಟ್ಟು ಗ್ರಾವಿಟಿ ಅಳೆಯುವ ಹೈಡ್ರೋಮೀಟರಿನಿಂದ ಆರೂ ಕೋಶಗಳನ್ನು ಅಳೆಯಿರಿ. ಆರೂ ಒಂದೇ ಮಟ್ಟಿಗೆ ಇವೆಯೇ ಎಂಬುದನ್ನು ವಿಶೇಷವಾಗಿ ನೋಡಬೇಕು. ನೀರಿನ ಮಟ್ಟವನ್ನೂ ನೋಡಿ. ಈವರೆಗೆ ಯಾವ ನೀರು ಹಾಕುತ್ತಿದ್ದಿರಿ?

ಮಾವಿನತೋಪು, ಶ್ರೀನಿವಾಸಪುರ · ಬುಧವಾರ, ಬೆಳಿಗ್ಗೆ 9.35

ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆವು. ಕಳೆದ ಬೇಸಿಗೆಯಲ್ಲಿ ಅದು ಮುಗಿದಿದ್ದರಿಂದ ಊರಿನ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನು ಒಂದು ಕೋಶಕ್ಕೆ ಹಾಕಿದ ನೆನಪು.

ತಿಪಟೂರು ಮೇಷ್ಟ್ರು · ಬುಧವಾರ, ಬೆಳಿಗ್ಗೆ 9.50

ಕುಡಿಯಲು ಶುದ್ಧವಾದ ನೀರು ಬ್ಯಾಟರಿಗೆ ಶುದ್ಧವಲ್ಲ. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಕಡೆಯ ಪಾವಗಡ, ಎಲ್ಲೆಡೆ ಆಳದ ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು, ಫ್ಲೋರೈಡ್ ಕೂಡ ಇದೆ. ಘಟಕದಲ್ಲಿ ಸೋಸಿದ ಮೇಲೂ ಒಂದಿಷ್ಟು ಲವಣ ಉಳಿದೇ ಇರುತ್ತದೆ, ಕುಡಿಯುವ ನೀರಿನಲ್ಲಿ ಅದು ಇರಬೇಕು ಕೂಡ. ಆದರೆ ಬ್ಯಾಟರಿಯಿಂದ ಆವಿಯಾಗಿ ಹೋಗುವುದು ನೀರು ಮಾತ್ರ. ಲವಣವೂ ಕಬ್ಬಿಣದ ಅಂಶವೂ ಒಳಗೇ ಉಳಿದು ಕೋಶವನ್ನು ತಾನಾಗಿಯೇ ಇಳಿಯುವಂತೆ ಮಾಡುತ್ತವೆ. ಒಮ್ಮೆ ಹಾಕಿದ್ದರಿಂದ ಎಲ್ಲ ಮುಗಿದುಹೋಗಿಲ್ಲ, ಇನ್ನು ಮುಂದೆ ಹಾಕಬೇಡಿ. ಆಮ್ಲವನ್ನಂತೂ ಯಾರು ಹೇಳಿದರೂ ಸೇರಿಸಬೇಡಿ.

ಮಾವಿನತೋಪು, ಶ್ರೀನಿವಾಸಪುರ · ಶುಕ್ರವಾರ, ಬೆಳಿಗ್ಗೆ 10.30

ಎರಡು ರಾತ್ರಿ ಚಾರ್ಜ್ ಮಾಡಿ, ಇಂದು ನಸುಕಿನಲ್ಲಿ ಎಲ್ಲವನ್ನೂ ಆರಿಸಿ ಬಿಟ್ಟು ಈಗ ಅಳೆದೆವು. ಪಾಸಿಟಿವ್ ಕಡೆಯಿಂದ ಕ್ರಮವಾಗಿ 1.235, 1.230, 1.235, 1.230, 1.200, 1.235. ಕಂಬಗಳ ಮೇಲೆ 12.41 ವೋಲ್ಟ್. ಮೇಷ್ಟ್ರ ಲೆಕ್ಕದಂತೆ ಆರಕ್ಕೂ 0.84 ಸೇರಿಸಿ ಕೂಡಿ ನೋಡಿದೆ, 12.405 ಬಂತು. ಐದನೆಯದು ಕಳೆದ ಬೇಸಿಗೆಯಲ್ಲಿ ಕ್ಯಾನಿನ ನೀರು ಹಾಕಿದ ಕೋಶ.

ತಿಪಟೂರು ಮೇಷ್ಟ್ರು · ಶುಕ್ರವಾರ, ಬೆಳಿಗ್ಗೆ 11.00

ಅಳತೆ ಅಚ್ಚುಕಟ್ಟಾಗಿದೆ. ಐದನೆಯ ಕೋಶ ಹಿಂದೆ ಬಿದ್ದಿದೆ, ಆದರೆ ಬ್ಯಾಟರಿಯನ್ನು ಈಗಲೇ ಬದಲಿಸುವ ಸ್ಥಿತಿಯಿಲ್ಲ. ತಿಂಗಳಿಗೊಮ್ಮೆ ಆ ಒಂದು ಕೋಶವನ್ನು ಅಳೆದು ಬರೆದಿಡಿ. ಉಳಿದವು ನಿಂತಲ್ಲೇ ನಿಂತು ಅದೊಂದೇ 1.180ಕ್ಕಿಂತ ಕೆಳಗೆ ಇಳಿಯುತ್ತ ಹೋದರೆ ಆಗ ಹಣ ಹೊಂದಿಸಲು ಆರಂಭಿಸಿ. ಅಲ್ಲಿಯವರೆಗೆ ನಿಮಗೆ ಸಮಯವಿದೆ.

ತುಮಕೂರು ವೈರಿಂಗ್ · ಶುಕ್ರವಾರ, ಬೆಳಿಗ್ಗೆ 11.20

ಅಮ್ಮನವರ ವಿಷಯಕ್ಕೆ ಒಂದು ಮಾತು. ರಾತ್ರಿ ಕರೆಂಟು ಹೋದಾಗ ನೆಬ್ಯುಲೈಸರ್ ಹಾಕುವ ಹತ್ತು ನಿಮಿಷ ಒಂದು ಫ್ಯಾನು ಆರಿಸಿದರೆ ಆ ಐದನೆಯ ಕೋಶಕ್ಕೆ ಭಾರ ಕಡಿಮೆಯಾಗುತ್ತದೆ. ಮುಂದಿನ ಸಲ ಕರೆಂಟು ಹೋಗಿ ನೆಬ್ಯುಲೈಸರ್ ನಡೆಯುತ್ತಿರುವಾಗ ಪಾಸಿಟಿವ್ ಲಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ತಿಳಿಸಿ.

ಮಾವಿನತೋಪು, ಶ್ರೀನಿವಾಸಪುರ · ಭಾನುವಾರ, ಬೆಳಿಗ್ಗೆ 8.15

ನಿನ್ನೆ ರಾತ್ರಿ 11.05ಕ್ಕೆ ಕರೆಂಟು ಹೋಗಿ 11.55ಕ್ಕೆ ಬಂತು. ನಡುವೆ ಅಮ್ಮನಿಗೆ ನೆಬ್ಯುಲೈಸರ್ ಬೇಕಾಯಿತು, ಹಾಕಿದೆವು, ದೀಪ ಒಂದಿಷ್ಟೂ ಅಲುಗಲಿಲ್ಲ. ಅದು ನಡೆಯುತ್ತಿರುವಾಗಲೇ ಹೋಗಿ ಲಗ್ಗಿನ ಮೇಲೆ ಬೆರಳಿಟ್ಟೆ. ತಣ್ಣಗಿತ್ತು.